ಗಾಜಿನ ಬಾಗಿಲಿಗೆ ಹೊಸಿಲು ಪೂಜೆ

ಪದ್ಮಾವತಮ್ಮ ದೊಡ್ಡಣ್ಣನೆಂಬ ಬಾಗಿಲು ಕೆಲಸದವನ ಸುದ್ದಿ ಮೊದಲು ಕೇಳಿದ್ದು ಮೊಮ್ಮಗಳು ನಿಕಿತಾ ಹಣೆ ಊದಿಸಿಕೊಂಡು ಮನೆಗೆ ಬಂದ ದಿನ. ವಡೋದರಾದ ಹೊಸ ಕ್ರೀಡಾಂಗಣದಲ್ಲಿ ಬ್ಯಾಡ್ಮಿಂಟನ್ ಮುಗಿಸಿ ಓಡುವಾಗ ಹುಡುಗಿ ಗಾಜಿಗೆ ಡಿಕ್ಕಿ ಹೊಡೆದಿದ್ದಳು.

"ಗ್ಲಾಸ್ ಕಾಣಿಸ್ಲೇ ಇಲ್ಲ ಅಜ್ಜಿ! ನಾನು 'ಅಯ್ಯೋ ಅಜ್ಜಿ' ಅಂದೆ ಅಷ್ಟೇ, ಬಾಗಿಲು ಕೂರಿಸೋ ಅಂಕಲ್ ಕನ್ನಡದಲ್ಲೇ ಬೈದ್ರು. 'ಕಣ್ಣು ಕಿಸೇದಾಗ ಇಟ್ಕೊಂಡು ಓಡ್ತೀಯೇನ್ ತಂಗಿ' ಅಂತ. ಆಮೇಲೆ ಐಸ್ ಇಟ್ರು."

ಮರುದಿನ ಪದ್ಮಾವತಮ್ಮ ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು ಹೋದರು. ದೊಡ್ಡಣ್ಣ ಕೊಪ್ಪಳದ ಕಡೆಯವನು, ಐವತ್ತರ ಆಸುಪಾಸು. ಸಚಿನ್ ಎಂಬ ಕೈಗಾರಿಕಾ ಊರಿನ ಕಾರ್ಖಾನೆಯೊಂದರಲ್ಲಿ ಗಾಜು ಹೊತ್ತು, ಆಮೇಲೆ ಹನ್ನೊಂದು ವರ್ಷ ಜಾರುಬಾಗಿಲು ಕೂರಿಸುತ್ತ ಊರೂರು ಅಲೆದವನು. ಇಲ್ಲಿ ಆಟದ ಅಂಕಣಗಳು ಆಗಲೇ ತೆರೆದಿದ್ದವು, ಮುಂಬಾಗಿಲೊಂದೇ ಬಾಕಿ. ಎರಡಾಳೆತ್ತರದ ಎಂಟು ಗಾಜುಗಳು ನೆಲದಲ್ಲಿ ಹೂತ ಹಳಿಯ ಮೇಲೆ ಸಣ್ಣ ಗಾಲಿಗಳಲ್ಲಿ ಓಡಬೇಕು. ಏನಾದರೂ ಅವಘಡವಾದರೆ ಸಾವಿರ ಜನ ಅಲ್ಲಿಂದಲೇ ಹೊರಬೀಳಬೇಕು. ತಪಾಸಣೆಯಲ್ಲಿ ಬಾಗಿಲು ಪಾಸಾದರೆ ದೊಡ್ಡಣ್ಣನಿಗೆ ಅದನ್ನು ನೋಡಿಕೊಳ್ಳುವ ಕಾಯಂ ಕೆಲಸ. ಅಲೆದಾಟ ಅಲ್ಲಿಗೆ ಮುಗಿಯುತ್ತಿತ್ತು.

"ಕಿರಿಬೆರಳಿಲೆ ದೂಡ್ರಿ ಅಮ್ಮಾರ," ಎಂದ. ದೂಡಿದರು. ಗಾಜು ಸದ್ದಿಲ್ಲದೆ ಸರಿಯಿತು.

"ನಮ್ಮನೆ ಬೀರು ಬಾಗಿಲೂ ಹೀಗೆ ಸರಿಯಲ್ಲ ಕಣಪ್ಪ!"

"ಅದನ್ನ ನಾ ಕೂಡಿಸಿಲ್ಲಲ್ರಿ."

ತಪಾಸಣೆಯ ದಿನ ಬೆಳಿಗ್ಗೆ ಅವನೇ ಫೋನ್ ಮಾಡಿ ಕರೆದ. "ಇಲ್ಲಿ ಮಂದಿ ತೋರಣ ಕಟ್ಯಾರ, ಹೊಸ್ತಲ ಪೂಜಿ ಯಾರೂ ಮಾಡಿಲ್ರಿ. ಪೂಜಿ ಇಲ್ದ ಬಾಗಲಾ ಹೆಂಗ ಒಪ್ಪಿಸ್ಲಿ?"

"ಇದಕ್ಕೆ ಹೊಸಿಲೆಲ್ಲಿದೆಯೋ ಮಾರಾಯ?"

"ಹಳೀನ ಹೊಸ್ತಲ ಅನ್ಕೋರಿ."

ಕೆಲಸದವರ ಹೊರತು ಯಾರೂ ದಾಟಬಾರದೆಂದು ಕಟ್ಟಿದ್ದ ಹಳದಿ ಟೇಪನ್ನು ಎತ್ತಿ ಹಿಡಿದು ಒಳಗೆ ಬಿಟ್ಟ. ತಾನು ಏಣಿ ಹತ್ತಿ ಮೇಲಿನ ಗಾಜು ಒರೆಸತೊಡಗಿದ. ಪದ್ಮಾವತಮ್ಮ ಮನೆಯಲ್ಲಿ ಮಾಡುವಂತೆಯೇ ಮಾಡಿದರು. ಹಳಿಯುದ್ದಕ್ಕೂ ಅರಿಸಿನದ ನೀರು, ಕುಂಕುಮ, ರಂಗೋಲಿ ಎಳೆ, ಕೊನೆಗೆ ಎರಡು ಹಿಡಿ ಅಕ್ಷತೆ. ಮೇಲಿದ್ದವನು ಕೆಳಗೆ ನೋಡಲಿಲ್ಲ. ಅವರಿಗೆ ಗಾಲಿಯ ವಿಷಯ ಹೊಳೆಯಲಿಲ್ಲ. ಮುಗಿಸಿ ಹೊರಬಂದು ಮಕ್ಕಳ ತಾಯಂದಿರ ಜೊತೆ ನಿಂತರು.

ಹತ್ತಕ್ಕೆ ಅಧಿಕಾರಿ ಬಂದು ಗುಂಡಿ ಒತ್ತಿದ. ಮೊದಲ ಗಾಜು ಮೊಳದಷ್ಟು ಸರಿದು ಕಟಕಟ ಅಂದು ನಿಂತಿತು. ಎರಡನೆಯದು ಅಲುಗಲೇ ಇಲ್ಲ. ದೊಡ್ಡಣ್ಣ ಬಗ್ಗಿ ಸ್ಕ್ರೂಡ್ರೈವರ್ ಹಾಕಿ ಕೆರೆದ. ರಂಗೋಲಿ ಪುಡಿ ಕಲಸಿದ ಹಿಟ್ಟಿನಂತಾಗಿ ಅಕ್ಕಿಯ ಜೊತೆ ಗಾಲಿಗೆ ಮೆತ್ತಿಕೊಂಡಿತ್ತು.

"ಆ ಶುಂ ಛೇ?" ಇದೇನೆಂದು ಗುಜರಾತಿಯಲ್ಲಿ ಕೇಳಿದ ಅಧಿಕಾರಿ.

ಬಾಗಿಲು ಕಂಪನಿಯ ಮ್ಯಾನೇಜರ್ ಪ್ರಮೋದನ ಮುಖ ಕೆಂಪಾಯಿತು. "ಯೇ ಕಿಸ್ನೇ ಡಾಲಾ?" ಹಾಕಿದ್ದು ಯಾರೆಂದು ಹಿಂದಿಯಲ್ಲಿ ಗದರಿದ.

"ಮೈನೇ, ಸಾಹೇಬ್," ತಾನೇ ಎಂದ ದೊಡ್ಡಣ್ಣ, ತಲೆ ಎತ್ತದೆ.

ಬಾಗಿಲು ಫೇಲಾಯಿತು. ಮಧ್ಯಾಹ್ನದೊಳಗೆ ಕಾಯಂ ಕೆಲಸ ಬೇರೆಯವನಿಗೆ ಹೋಯಿತು. ದೊಡ್ಡಣ್ಣ ಗಾಜು ಹೊರಲು ಮತ್ತೆ ಸಚಿನ್‌ಗೆ ಹೋಗಬೇಕೆಂದು ಕಂಪನಿಯವರು ಹೇಳಿದರು. ಸಂಜೆ ಪದ್ಮಾವತಮ್ಮ ಹೋದಾಗ ಅವನು ಗೇಟಿನ ಬಳಿ ಚೀಲಕ್ಕೆ ಹಗ್ಗ ಬಿಗಿಯುತ್ತಿದ್ದ.

"ನಡಿ, ಆ ಪ್ರಮೋದನ ಹತ್ರ ನಾನೇ ಹೇಳ್ತೀನಿ. ಹಾಕಿದೋಳು ನಾನು."

ಆ ಸಂಜೆಯ ನಂತರ ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ. ಅವತ್ತು ಅವನು ಹಗ್ಗದ ಗಂಟು ಬಿಟ್ಟು ಅವರ ಕಡೆ ತಿರುಗಿದ.

"ನನ್ನ ಕೈಲೆ ಅಕ್ಕಿ ಬಿತ್ತಂದ್ರ ಕೈತಪ್ಪು ಅಂತಾರ. ಹೊರಗಿನವರನ್ನ ಟೇಪ್ ದಾಟಿಸಿದ ಅಂದ್ರ ಈ ಕೆಲಸಕ್ಕ ಮತ್ತ ಯಾರೂ ಕರಿಯಂಗಿಲ್ರಿ. ಇನ್ನೊಂದು ಬಾಗಲಾ ಕೈಗೆ ಸಿಗಬೇಕಲ್ರಿ ನನಗ. ಇವತ್ತ ನೀವು ಇಲ್ಲಿ ಬಂದಿದ್ದಿಲ್ಲ ಅಂತ ಸುಮ್ನ ಇದ್ದುಬಿಡ್ರಿ, ಅಮ್ಮಾರ."