ಹದಿನೈದು ಕೊಟ್ಟ ಗಾಡಿ

ಪೆಟ್ರೋಲ್ ಬಂಕಿನ ನಳಿಕೆ ಟಕ್ ಎಂದು ತಾನಾಗಿ ನಿಂತ ಮೇಲೂ ಆ ಗಾಡಿಯ ಟ್ಯಾಂಕಿಗೆ ಇನ್ನೂ ಎರಡು ಲೀಟರ್ ನೂರು ಮಿಲಿಲೀಟರ್ ಹಿಡಿಯಿತು. ಹಾಕಿಸಿದವಳು ನಾನು. ಬೇಕೆಂದೇ ಹಾಕಿಸಿದೆ. ಅಷ್ಟರಿಂದ ನನ್ನ ಅಣ್ಣನನ್ನು ಮನೆಮಂದಿಯೆಲ್ಲರ ಎದುರು ಸುಳ್ಳುಗಾರನನ್ನಾಗಿ ಮಾಡಿದೆ — ಅವನು ನಿಜ ಹೇಳಿದ್ದಾಗ.

ಎರಡು ವರ್ಷವಾಯಿತು. ಯಾರಿಗೂ ಹೇಳಿರಲಿಲ್ಲ.

ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಸವಳಂಗ ರಸ್ತೆಯ ಒಂದು ತಿರುವಿನಲ್ಲಿ ನಮ್ಮ ಮನೆ. ಅಮ್ಮ, ಅಣ್ಣ, ನಾನು. ಅಪ್ಪ ಇದ್ದಾಗ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದೆವು. ಕಾರು ಕೊಳ್ಳುವ ಮಾತು ಬಂದಾಗ ಕಂತು ನನ್ನ ಸಂಬಳದಿಂದಲೇ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಚಿಕ್ಕ ಕಾರು ನೋಡಿಟ್ಟಿದ್ದೆ, ಪೆಟ್ರೋಲು ಕಡಿಮೆ ಕುಡಿಯುವಂಥದ್ದು. ಅಣ್ಣ ಏಳು ಸೀಟಿನ ಗಾಡಿ ಎಂದ.

ಇರುವುದು ಮೂರು ಜನ. ಉಳಿದ ನಾಲ್ಕು ಸೀಟು ಯಾರಿಗೆ?

"ಜಾಗ ಬೇಕು ಮಾರಾಯ್ತಿ. ಹಿಂದಿನ ಸೀಟು ಮಡಚಿದ್ರೆ ಏನ್ ಬೇಕಾದ್ರೂ ಹಿಡಿಯುತ್ತೆ."

"ಏನು ಹಿಡಿಸ್ಬೇಕು?"

"ಏನಾದ್ರೂ ಇರುತ್ತಪ್ಪ."

ಆ 'ಏನಾದ್ರೂ' ನನ್ನ ಕಿವಿಯಲ್ಲೇ ಉಳಿಯಿತು. ನಾಲ್ಕು ವರ್ಷದಲ್ಲಿ ಮೂರು ಕೆಲಸ ಬಿಟ್ಟವನು ಅವನು. ಅಪ್ಪನ ಸ್ಕೂಟರು ಸರ್ವೀಸಿಗೆ ಹೋಗಿದೆ ಎಂದು ತಿಂಗಳುಗಟ್ಟಲೆ ಹೇಳಿದ್ದ. ಕೊನೆಗೆ ಒಂದು ದಿನ ಅದನ್ನು ಬೇರೆ ಯಾರೋ ಓಡಿಸುತ್ತಿದ್ದದ್ದನ್ನು ನಾನೇ ನೋಡಿದೆ. ಅಲ್ಲಿಂದಾಚೆಗೆ ಅವನ ಯಾವ ಮಾತನ್ನೂ ನಾನು ಹಾಗೇ ತೆಗೆದುಕೊಳ್ಳುತ್ತಿರಲಿಲ್ಲ.

ಶೋರೂಮಿಗೆ ಹೋದ ದಿನ ಅಮ್ಮ ದೊಡ್ಡ ಗಾಡಿಯ ಹಿಂಬಾಗಿಲಲ್ಲಿ ಬಗ್ಗಿ, ಒಳಗಿನ ಜಾಗವನ್ನು ಗೇಣು ಹಾಕಿ ಅಳೆಯುತ್ತಿದ್ದಳು. ನನ್ನನ್ನು ಕಂಡದ್ದೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಣ್ಣ ಪಕ್ಕದಲ್ಲೇ ನಿಂತು ಬೇರೆ ಕಡೆ ನೋಡುತ್ತಿದ್ದ. ಅಮ್ಮನಿಗೆ ಏನೋ ಹೇಳಿಕೊಟ್ಟಿದ್ದಾನೆ ಅನ್ನಿಸಿತು — ಅನ್ನಿಸುವುದೇನು, ತೀರ್ಮಾನವೇ ಮಾಡಿಬಿಟ್ಟೆ.

ಅವನ ಗೆಳೆಯನೊಬ್ಬನ ಬಳಿ ಅದೇ ಗಾಡಿ ಇತ್ತು. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತದೆ ಎಂದು ಅಣ್ಣ ಹಬ್ಬದ ಊಟಕ್ಕೆ ಎಲ್ಲರೂ ಕೂತಿದ್ದಾಗ ಹೇಳಿದ.

"ನೀನು ಹೇಳಿದ್ರಲ್ಲಿ ಅರ್ಧ ತೆಗೀಬೇಕು ಕಣೋ," ಅಂದರು ಚಿಕ್ಕಪ್ಪ. "ಏಳೂವರೆ ಅಂತ ಬರ್ಕೊಳ್ಳಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಎರಡು ದಿನದ ಮಟ್ಟಿಗೆ ಗಾಡಿ ತಗೊಂಡು ಬಾ. ಟ್ಯಾಂಕ್ ತುಂಬಿಸಿ ಓಡಿಸೋಣ, ಮತ್ತೆ ತುಂಬಿಸೋಣ. ಎರಡನೇ ಸಲ ಎಷ್ಟು ಹಿಡಿಯುತ್ತೋ ಅಷ್ಟು ಖರ್ಚಾಗಿದೆ ಅಂತ. ಹದಿನೈದು ಬಂದ್ರೆ ನಿನ್ನ ಗಾಡಿಯೇ," ಎಂದೆ. ಬರುವುದಿಲ್ಲ ಎಂದೇ ನಂಬಿದ್ದೆ. ಈ ಲೆಕ್ಕಕ್ಕೆ ಇರುವುದು ಒಂದೇ ನಿಯಮ — ಎರಡು ಸಲವೂ ಒಂದೇ ಮಟ್ಟಕ್ಕೆ ತುಂಬಿಸಬೇಕು. ಮೊದಲ ಸಲ ನಳಿಕೆ ತಾನಾಗಿ ನಿಲ್ಲುವವರೆಗೆ ಹಾಕಿಸಿದೆವು.

ಎರಡು ಸಲ ಭದ್ರಾವತಿಗೆ ಹೋಗಿ ಬಂದೆವು. ಊರೊಳಗೆ ಒಂದಿಷ್ಟು ಸುತ್ತಿದೆವು. ಮತ್ತೆ, ಅಣ್ಣನ ಹಟಕ್ಕೆ, ಸೋಗಾನೆಯ ವಿಮಾನ ನಿಲ್ದಾಣ. ಅಲ್ಲಿ ಅವನು ಟ್ಯಾಕ್ಸಿ ಡ್ರೈವರುಗಳ ಜೊತೆ ಅರ್ಧ ಗಂಟೆ ನಿಂತು ಮಾತಾಡಿದ, ನಂಬರು ಬರೆದುಕೊಂಡ. ನಾನು ಗಾಡಿಯಲ್ಲಿ ಕೂತು ನೋಡಿದೆ. ಇದಾ ವಿಷಯ? ಕಂತು ನನ್ನದು, ಟ್ಯಾಕ್ಸಿ ಇವನದು. ಆಮೇಲೆ ಒಂದು ದಿನ ಇದೂ ಸರ್ವೀಸಿಗೆ —

ವಾಪಸ್ ಬರುವಾಗ ಮುಂದಿನ ಪರದೆ ಹದಿನೈದು ತೋರಿಸುತ್ತಿತ್ತು.

"ನೋಡೇ, ಹದಿನೈದು!"

"ಆ ಸ್ಕ್ರೀನು ಯಾವಾಗಲೂ ಜಾಸ್ತೀನೇ ತೋರಿಸೋದು. ಬಂಕಲ್ಲಿ ಗೊತ್ತಾಗುತ್ತೆ."

"ಆಯ್ತು ಟೀಚರಮ್ಮ."

ಬಂಕಿನಲ್ಲಿ ಅವನು ಇಳಿದು, ಟೈರಿಗೆ ಗಾಳಿ ಹಾಕುವವನ ಹತ್ತಿರ ಏನೋ ಕೇಳಲು ಹೋದ. ಪೆಟ್ರೋಲು ಹಾಕುತ್ತಿದ್ದ ಹೆಂಗಸು, "ಕಟ್ ಆಯ್ತು ಮೇಡಂ, ಸಾಕಾ?" ಎಂದಳು. ಎಂಟು ಲೀಟರ್ ನಾನೂರು. ಓಡಿದ್ದು ನೂರ ಇಪ್ಪತ್ತಾರು ಕಿಲೋಮೀಟರ್. ಮನಸ್ಸಿನಲ್ಲೇ ಭಾಗಿಸಿದೆ — ಸರಿಯಾಗಿ ಹದಿನೈದು.

"ಇಲ್ಲ, ಬಾಯಿತನಕ ಹಾಕಿ."

ಲ್ಯಾಬಿನಲ್ಲಿ ಹುಡುಗಿಯರು ಬ್ಯುರೆಟ್ಟಿನ ಅಂಕಿಯನ್ನು ಒಂದು ಗೆರೆ ತಪ್ಪಾಗಿ ಓದಿದರೂ ಇಡೀ ಪ್ರಯೋಗವನ್ನು ಮತ್ತೆ ಮಾಡಿಸುವವಳು ನಾನು. ಮೊದಲು ಎಲ್ಲಿಂದ ಅಳೆದಿರೋ ಕೊನೆಗೂ ಅಲ್ಲಿಗೇ ಅಳೆಯಿರಿ ಎಂದು ವರ್ಷವೆಲ್ಲ ಹೇಳುತ್ತೇನೆ. ಆದ್ದರಿಂದ — ತಿಳಿಯದೆ ಆಯಿತು ಎನ್ನುವ ಹಾಗಿಲ್ಲ.

ಹತ್ತೂವರೆ ಲೀಟರಿನ ಬಿಲ್ಲು ಬಂತು. ಲೀಟರಿಗೆ ಹನ್ನೆರಡು. ಅಣ್ಣ ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ.

"ಎರಡೂ ಸಲ ಕಟ್ ಆಗೋ ತನಕಾನೇ ಹಾಕ್ಸಿದ್ಯಲ್ವಾ?"

"ಹೂಂ."

"ಹಂಗಿದ್ರೆ ನಾನೇ ತಪ್ಪು ಹೇಳಿದ್ನೇನೋ ಬಿಡು."

ನನ್ನ ಒಂದು 'ಹೂಂ' ಸಾಕಾಯಿತು ಅವನಿಗೆ. ಅವನ ಯಾವ ಮಾತೂ ನನಗೆ ಹಾಗೆ ಸಾಕಾಗಿರಲಿಲ್ಲ.

ಚಿಕ್ಕ ಕಾರು ಬಂತು. ಅಣ್ಣನಿಗೆ ಹೊಸ ಹೆಸರೂ ಬಂತು. "ಬಂದ ನೋಡ್ರಪ್ಪ ಹದಿನೈದು!" — ಚಿಕ್ಕಪ್ಪ ಶುರುಮಾಡಿದ್ದು, ಅತ್ತೆ, ಅತ್ತೆಯ ಮಕ್ಕಳು, ಎಲ್ಲರ ಬಾಯಿಗೂ ಹತ್ತಿತು. ಗೋಡೌನಿನಲ್ಲಿ ಕೆಲಸ ಸಿಕ್ಕಿತು ಎಂದು ಅವನು ಹೇಳಿದಾಗ ಅತ್ತೆ, "ಸಂಬಳ ಹದಿನೈದೋ, ಹನ್ನೆರಡೋ?" ಎಂದರು. ಆಗ ನಾನೂ ನಕ್ಕೆ. ಅವನು ವಾದ ಮಾಡುವುದನ್ನು ಬಿಟ್ಟ. ಔಷಧಿ ತಂದರೆ ಮೊದಲು ಬಿಲ್ಲನ್ನು ಮೇಜಿನ ಮೇಲೆ ಇಡುತ್ತಿದ್ದ. ಬಸ್ಸು ಕೆಟ್ಟು ತಡವಾದರೆ ಆ ಬಸ್ಸಿನ ಫೋಟೋ ಕಳಿಸುತ್ತಿದ್ದ. ಅದನ್ನೂ ನಾನು ಅನುಮಾನದಿಂದ ಹಿಗ್ಗಿಸಿ ನೋಡುತ್ತಿದ್ದೆ — ಇವತ್ತಿನದೇ ಬಸ್ಸೋ, ಹಳೆಯದೋ ಎಂದು.

ಹೋದ ಭಾನುವಾರ ಅಮ್ಮನನ್ನು ಕಾಗದನಗರಕ್ಕೆ ಕರೆದುಕೊಂಡು ಹೋಗಿದ್ದೆ. ಕ್ವಾರ್ಟರ್ಸಿನ ಕಾಲದಿಂದಲೂ ಅಮ್ಮನ ಗೆಳತಿಯಾಗಿರುವ ಸೆಲ್ವಿ ಅಕ್ಕನ ಮನೆಗೆ. ಊಟ ಬಡಿಸುತ್ತಾ ಅವರು ನಗುನಗುತ್ತಲೇ ಹೇಳಿದರು:

"ಆ ದೊಡ್ಡ ಗಾಡಿ ಮಾತ್ರ ಬಂದಿದ್ರೆ ನಾವಿಬ್ರೂ ಇಷ್ಟೊತ್ತಿಗೆ ಅರ್ಧ ಶಿವಮೊಗ್ಗಕ್ಕೆ ಊಟ ಹಾಕ್ತಿದ್ವಿ ಕಣಮ್ಮ. ನಿಮ್ಮಮ್ಮ ನನ್ನ ಕೊಳಗಗಳನ್ನೆಲ್ಲಾ ಗೇಣು ಹಾಕಿ ಅಳತೆ ಮಾಡ್ಕೊಂಡು ಹೋಗಿದ್ಳು, ಗಾಡಿಲಿ ಹಿಡಿಯುತ್ತಾ ಅಂತ. ನಿಮ್ಮಣ್ಣ ಏರ್‌ಪೋರ್ಟ್ ಡ್ರೈವರ್‌ಗಳ ಹತ್ರ ಮಧ್ಯಾಹ್ನದ ಊಟಕ್ಕೆ ಒಪ್ಪಿಸಿ ಬಂದಿದ್ದ. ಇನ್ನೇನು ಶುರು ಮಾಡೋದೇ ಅಂತಿದ್ವಿ."

ನನಗೆ ಮೊದಲು ಬಂದ ಯೋಚನೆ ಏನೆಂಬುದನ್ನೂ ಬರೆಯಬೇಕು — ಅಣ್ಣ ಇವರಿಗೂ ಹೇಳಿಕೊಟ್ಟಿದ್ದಾನೆ! ಎಲ್ಲಿವೆ ಆ ಕೊಳಗಗಳು, ಎಂದು ಕೇಳಿಯೇಬಿಟ್ಟೆ. ಸೆಲ್ವಿ ಅಕ್ಕ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಐದು ದೊಡ್ಡ ಕೊಳಗ, ಬೋರಲು ಹಾಕಿಟ್ಟಿದ್ದವು. ಮೇಲೆ ಹಳೆಯ ಬಟ್ಟೆಗಳ ಗಂಟು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಪ್ರಶ್ನೆ ಕೇಳ್ತೀಯ. ಒಂದು ತಿಂಗಳು ಮಾಡಿ ತೋರಿಸಿ, ಆಮೇಲೆ ಹೇಳೋಣ ಅಂತಿದ್ದೆ. ಅವನು ಏನೂ ಕೇಳ್ಲಿಲ್ಲ. ನಾನು ಗಾಡಿ ಓಡಿಸ್ತೀನಿ, ನೀನು ಅಡುಗೆ ಮಾಡು ಅಂದ."

"ಈಗ ಮಾಡಬಹುದಲ್ಲ..."

"ಈಗ ಮೊಣಕಾಲು ಕೇಳಲ್ಲ ಬಿಡು."

ಕೋಪವಿರಲಿಲ್ಲ ಆ ಮಾತಿನಲ್ಲಿ. ಹೇಗಿದ್ದರೂ ಗಾಡಿ ಹನ್ನೆರಡೇ ಕೊಟ್ಟಿತ್ತು ಎಂದು ಅವಳು ಇನ್ನೂ ನಂಬಿದ್ದಳು. ದಾರಿಯುದ್ದಕ್ಕೂ ನಾನು ಹೇಳಲಿಲ್ಲ. ಇಬ್ಬರಿಗೂ ಒಟ್ಟಿಗೆ ಹೇಳಬೇಕು ಎಂಬುದು ನಾನು ಆಗ ಕೊಟ್ಟುಕೊಂಡ ಕಾರಣ. ಅದು ನಿಜವಾದ ಕಾರಣವೋ, ಇನ್ನಷ್ಟು ಹೊತ್ತು ತಪ್ಪಿಸಿಕೊಳ್ಳುವ ದಾರಿಯೋ — ನನ್ನ ಮಾತನ್ನೂ ನಾನು ನಂಬಲಾರೆ ಈಗ.

ಮರುದಿನ ಬೆಳಿಗ್ಗೆ, ಅಣ್ಣ ಗೋಡೌನಿಗೆ ಹೊರಡುವ ಮೊದಲು, ಅಮ್ಮನ ಎದುರಿಗೇ ಹೇಳಿದೆ. ನಿಂತ ಅಂಕಿ, ಆಮೇಲೆ ಹಾಕಿಸಿದ ಅಳತೆ, ಎಲ್ಲ. ಅಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಅಣ್ಣ ಶೂ ಲೇಸು ಕಟ್ಟುತ್ತಿದ್ದ, ತಲೆ ಎತ್ತಲಿಲ್ಲ.

"ನಾನು ಕೇಳಿದ್ದೆ ನಿನ್ನ," ಅಂದ.

ಹೌದು, ಕೇಳಿದ್ದ. ನನ್ನ ಬಳಿ ಕಾರಣಗಳು ಸಾಲಾಗಿ ಸಿದ್ಧವಿದ್ದವು. ಒಂದನ್ನೂ ಹೇಳಲಿಲ್ಲ. ಫೋನು ತೆಗೆದು, ಇಬ್ಬರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ, ಚಿಕ್ಕಪ್ಪನಿಗೆ ಕರೆ ಮಾಡಿದೆ.

"ಏನಮ್ಮಾ ಬೆಳ್ಬೆಳಿಗ್ಗೆ? ನಮ್ಮ ಹದಿನೈದು ಎದ್ದಿದಾನಾ?"

ಅವರ ನಗು ಮುಗಿಯುವವರೆಗೆ ಕಾದೆ. ಆಮೇಲೆ ಬಂಕಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅವರು ಫೋನಿಟ್ಟರು. ಅತ್ತೆಯ ನಂಬರು ಒತ್ತಿದೆ.