ಟೈರು ತಡವುವ ಕೈ

ತುಡಿಯಲೂರಿನ ಆ ಟೈರ್ ಅಂಗಡಿಯವರು ಗಿರಾಕಿಯ ಮಾತಿಗಿಂತ ಅವನ ಗಾಡಿಯ ಹಳೆಯ ಟೈರನ್ನೇ ಹೆಚ್ಚು ನಂಬುತ್ತಿದ್ದರು. ಯಾರು ಏನೇ ಕೇಳಲಿ, "ಇರಿ, ಮೊದಲು ಕೈ ನೋಡ್ಲಿ" ಎಂದು ಕಣ್ಣು ಮುಚ್ಚಿ, ಟೈರಿನ ಮೇಲೆ ಅಂಗೈ ಆಡಿಸುತ್ತಿದ್ದರು. ಆ ಕೈಗೆ ಏನು ಕಾಣುತ್ತದೋ ಎಂಬ ಕುತೂಹಲ ನನಗೆ.

ಒಮ್ಮೆ ನಾನೇ ಕಾರು ತೆಗೆದುಕೊಂಡು ಹೋಗಿ, ಬೆಟ್ಟಕ್ಕೂ ಹೆದ್ದಾರಿಗೂ ಒದಗುವ ದಪ್ಪ ಹಲ್ಲಿನ ಟೈರು ಕೇಳಿದೆ. ಊರು ತಮಿಳಿನದಾದರೂ ನನ್ನಂತೆ ಅವರ ಮನೆಮಾತೂ ಕನ್ನಡವೇ.

"ಬೆಟ್ಟದ ಮೇಲೆ ಕೋತಗಿರಿಯಲ್ಲಿ ನಮ್ಮಕ್ಕ ಇದ್ದಾಳೆ. ತಿಂಗಳು ತಿಂಗಳೂ ಹೋಗ್ತೀನಿ," ಎಂದೆ.

ಅವರ ಅಂಗೈ ನನ್ನ ಕಾರಿನ ಹಳೆಯ ಟೈರಿನ ಅಂಚಿಗೆ ಬಂದು ನಿಂತಿತು.

"ಮಲೆ ತಿರುವು ಕಂಡ ಟೈರಿಗೆ ಅಂಚು ತೇದಿರ್ತದೆ, ತಂಬಿ. ಇದು ಹೈವೇ ಬಿಟ್ಟು ಮೇಲೆ ಏರೇ ಇಲ್ಲ."

ನಾನು ತಲೆ ತಗ್ಗಿಸಿದೆ. ಅವರು ಹೊಸ ಟೈರು ಇಳಿಸಲಿಲ್ಲ. ಇದ್ದವಕ್ಕೇ ಗಾಳಿ ತುಂಬಿದರು.

"ಇದು ಇನ್ನೂ ಓಡ್ತದೆ. ಅಕ್ಕನ್ನ ನೋಡ್ಕೊಂಡು ಬನ್ನಿ. ಆಮೇಲೆ ಕೈ ನೋಡ್ಲಿ."