ಹೊಲಕ್ಕೆಂದು ಹೇಳಿ ಭೀಮೆಗೆ ಬರುತ್ತಿದ್ದವರು

ಅಫಜಲಪುರದ ಕಡೆ ಭೀಮಾ ದಂಡೆಯ ಮೇಲೆ ನಾನು ಗಾಳ ಹಾಕುವುದನ್ನು ಕಲಿಸುತ್ತೇನೆ. ಒಂದು ಮಳೆಗಾಲದಲ್ಲಿ, ನದಿ ಕೆಂಪಗೆ ತುಂಬಿ ಹರಿಯುತ್ತಿದ್ದಾಗ, ಕೊಳಕೂರಿನ ಕಡೆಯ ಜಮೀನುದಾರರೊಬ್ಬರು ಕಲಿಯಲು ಬಂದರು. ಕೊರಳಲ್ಲಿ ಲಿಂಗ, ಮೀನು ತಿನ್ನದ ಮನೆತನ. ಎರೆಹುಳ ಮುಟ್ಟುತ್ತಿರಲಿಲ್ಲ, ಜೋಳದ ಹಿಟ್ಟಿನ ಉಂಡೆ ಕಟ್ಟಿಕೊಂಡು ಬರುತ್ತಿದ್ದರು. ಸಿಕ್ಕ ಮೀನನ್ನು ಗಾಳದಿಂದ ಮೆಲ್ಲಗೆ ಬಿಡಿಸಿ ನೀರಿಗೇ ಬಿಡುತ್ತಿದ್ದರು.

‘ಮನ್ಯಾಗ ಹೊಲಕ್ಕ ಹೋಗ್ತೇನಿ ಅಂತ ಹೇಳಿ ಬಂದೇನ್ರಿ,’ ಎಂದು ಮೊದಲ ದಿನ ಅಂದಿದ್ದರು. ಅದು ಬಿಟ್ಟರೆ ತಮ್ಮ ಬಗ್ಗೆ ಮತ್ತೇನೂ ಹೇಳಲಿಲ್ಲ.

ಚಳಿಗಾಲಕ್ಕೆ ನೀರು ತಿಳಿಯಾಯಿತು. ಮೀನು ಆಳಕ್ಕಿಳಿದು ಗಾಳ ಮುಟ್ಟುವುದೇ ಅಪರೂಪವಾಯಿತು. ಆದರೂ ಅವರು ಬರುವುದು ತಪ್ಪಿಸಲಿಲ್ಲ. ತೊಗರಿ ರಾಶಿಯ ಹೊತ್ತಿಗೆ ಒಮ್ಮೆಲೇ ಬರುವುದನ್ನು ನಿಲ್ಲಿಸಿಬಿಟ್ಟರು. ಎದೆನೋವು ಬಂದು ತೀರಿಕೊಂಡರೆಂದು ಆಮೇಲೆ ತಿಳಿಯಿತು.

ಬೇಸಿಗೆಯಲ್ಲಿ ನದಿ ತುಂಡುತುಂಡು ಮಡುಗಳಾಗಿ ನಿಂತಾಗ ಅವರ ಹೆಂಡತಿ ಬಂದರು. ಕೈಯಲ್ಲಿ ಗಾಳದ ಕೋಲು ಇತ್ತು.

‘ಹೊಲದ ಕೊಟ್ಟಿಗ್ಯಾಗ ಸಿಕ್ತರಿ. ಆಳುಮಗ ನಿಮ್ಮ ಗುರ್ತು ಹೇಳ್ದ. ಅವರು ಎಲ್ಲಿ ಕೂಡ್ತಿದ್ರು, ತೋರಸ್ರಿ.’

ತೋರಿಸಿದೆ. ಆ ಬಂಡೆಯಿಂದ ನೀರು ದೂರ ಸರಿದಿತ್ತು. ಆಕೆ ಬಿಸಿಲಲ್ಲೇ ಅದರ ಮೇಲೆ ಕುಳಿತರು.

‘ನನ್ನ ಸುದ್ದಿ ಏನರ ಮಾತಾಡ್ತಿದ್ರೇನ್ರಿ?’

‘ಹೌದ್ರಿ ಯವ್ವಾ. ಯಾವಾಗ್ಲೂ ನಿಮ್ಮ ಸುದ್ದೀನ ತೆಗೀತಿದ್ರು,’ ಎಂದೆ.

ಆಕೆ ನನ್ನ ಮುಖ ನೋಡಿದರು. ‘ಸುಳ್ಳು ಹೇಳಬ್ಯಾಡ್ರಿ. ಮೂವತ್ತು ವರ್ಷ ಸಂಸಾರ ಮಾಡೇನಿ. ಮನ್ಯಾಗ ಮಾತಾಡದವ್ರು ಇಲ್ಲಿ ಮಾತಾಡ್ಯಾರೇನು?’

ನಾನು ಒಪ್ಪಿಕೊಂಡೆ. ‘ಇಲ್ರೀ. ಸುಮ್ನ ಕೂಡ್ತಿದ್ರು.’

‘ಅಂದ್ರ ನನ್ನ ಮ್ಯಾಲಿನ ಸಿಟ್ಟಲ್ಲ. ಎಲ್ಲಾರ ಕೂಡಾನೂ ಹಂಗ ಇದ್ರು.’ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ‘ಇಲ್ಲಿಗಿ ಬರ್ತೇನಿ ಅಂತ ಹೇಳಿದ್ರ ನಾ ಬ್ಯಾಡ ಅಂತಿದ್ದೆನೇನು?’

ನಾನು ಉತ್ತರಿಸುವ ಮೊದಲೇ ‘ಅಂತಿದ್ದೆ ಖರೆ’ ಎಂದು ತಾವೇ ಹೇಳಿಕೊಂಡರು.

ಕೋಲನ್ನು ನನ್ನ ಕೈಗಿಟ್ಟು ಜೇವರ್ಗಿ ಬಸ್ಸು ಹಿಡಿಯಲು ನಡೆದರು. ಮತ್ತೆ ಬರಲಿಲ್ಲ. ಕೆಲವೇ ವಾರಗಳಲ್ಲಿ ಆ ಮಡುವೂ ಬತ್ತಿತು. ಕೆಸರಲ್ಲಿ ಹೊಟ್ಟೆ ಮೇಲಾಗಿ ಬಿದ್ದ ಮೀನುಗಳನ್ನು ಕಾಗೆಗಳು ಎಳೆದಾಡಿದವು. ನಾನು ನೋಡುತ್ತ ನಿಂತಿದ್ದೆ, ಮಾಡುವುದೇನೂ ಇರಲಿಲ್ಲ.

ಈಗ ಮತ್ತೆ ಮಳೆ ಬಿದ್ದಿದೆ. ಹೊಸಬರು ಕಲಿಯಲು ಬಂದಿದ್ದಾರೆ. ಮಾತಿಗೆ ಮೀನು ಬೆದರುತ್ತದೆ, ದಂಡೆಯ ಮೇಲೆ ಬಾಯಿ ಮುಚ್ಚಿ ಕೂಡಬೇಕೆಂದು ಅವರಿಗೆ ಮೊದಲ ದಿನವೇ ಹೇಳಬೇಕು. ಹಾಗೆ ಹೇಳುವಾಗ ಈಚೆಗೆ ಆ ಬಂಡೆಯ ಮೇಲೆ ಆಕೆ ಕೇಳಿದ್ದು ನೆನಪಾಗಿ ನನ್ನ ನಾಲಿಗೆ ತಡವರಿಸುತ್ತದೆ.